ಗೊಬ್ಬರದ ಅಂಗಡಿ ಮೇಲಿನ ಡಾನ್ಸ್ ಮಾಸ್ತರ

ನಮ್ಮ ಮಾಮಾನ ಹತ್ತಿರ ಡಾನ್ಸ್ ಕಲಿತವರಿಗೆ ಕುಣಿಯಲು ಬರುತ್ತದೋ ಇಲ್ಲವೋ, ಅದಕ್ಕೆ ನಾನು ಜಾಮೀನು ನಿಲ್ಲಲಾರೆ. ಆದರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ತುಂಬಿದ ಬಸ್ಸಿನಲ್ಲಿ, ಎರಡೂ ಕೈ ಬಿಟ್ಟು, ಯಾರ ಕಾಲನ್ನೂ ತುಳಿಯದೆ ನಿಂತುಕೊಂಡು ಹೋಗಲು ಮಾತ್ರ ಖಂಡಿತ ಬರುತ್ತದೆ. ಇದೂ ಒಂದು ವಿದ್ಯೆಯೇ ಎಂದು ನಗುವವರು ಒಮ್ಮೆ ಹತ್ತಿ ನೋಡಬೇಕು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಸಂಪಗಾಂವದಲ್ಲಿ ಹೊಲಮನೆ ಇದ್ದ ಕುಟುಂಬ. ಆದರೆ ಮಾಮಾನಿಗೆ ಹೊಲದಲ್ಲಿ ಒಂದು ಕಡೆ ನಿಲ್ಲುವುದೇ ಆಗಲಿಲ್ಲ. ಕಂಡಕ್ಟರ್ ಆದ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಅರ್ಧ ಆಯುಷ್ಯ ಬಸ್ಸಿನಲ್ಲಿ ಓಡಾಡಿದ. ಬೇರೆ ಊರುಗಳಲ್ಲಿ ಡಾನ್ಸ್ ಕ್ಲಾಸಿನ ಗೋಡೆಯ ಮೇಲೆ ಮಾಸ್ತರರ ಫೋಟೋ ಇರುತ್ತದೆ, ಕೆಳಗೆ ಅವರು ಯಾರ ಶಿಷ್ಯರು, ಯಾವ ಟಿವಿಯಲ್ಲಿ ಬಂದಿದ್ದರು ಎಂಬ ವಿವರ ಇರುತ್ತದೆ. ನಮ್ಮ ಮಾಮಾನ ಗೋಡೆಯ ಮೇಲೆ ಇರುವುದು ಒಂದು ಗಡಿಯಾರ. ಅದೂ ನಿಂತಿದೆ.

ಒಮ್ಮೆ ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರ ಹೆಂಡತಿ ಮಗಳನ್ನು ಸೇರಿಸಲು ಬಂದು ಬಹಳ ಗಂಭೀರವಾಗಿ ಕೇಳಿದರು.

"ಸರ್, ತಾವು ಎಲ್ಲಿ ಕಲಿತದ್ದು?"

"ರಾಮದುರ್ಗ ಗಾಡ್ಯಾಗರೀ."

"ಅಲ್ಲ, ಯಾವುದಾದರೂ ಸಂಸ್ಥೆ?"

"ಹೌದಲ್ರೀ. ಸಾರಿಗೆ ಸಂಸ್ಥೆ."

ಆಕೆ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದರು. ಎರಡು ದಿನ ಬಿಟ್ಟು ಮಗಳೇ ಹಟ ಮಾಡಿ ತಾಯಿಯನ್ನು ವಾಪಸು ಕರೆದುಕೊಂಡು ಬಂದಳು.

ಮಾಮಾ ಅಂದದ್ದು ಪೂರ್ತಿ ತಮಾಷೆಯೇನಲ್ಲ. ಬಸ್ಸು ಗುಂಡಿಗೆ ಬಿದ್ದಾಗ ಯಾವ ಮೊಣಕಾಲು ಮಡಚಬೇಕು, ತಿರುವಿನಲ್ಲಿ ಸೊಂಟವನ್ನು ಯಾವ ಕಡೆ ಒಗೆಯಬೇಕು, ಒಬ್ಬ ಮನುಷ್ಯ ತೂರದ ಸಂದಿಯಲ್ಲಿ ಮೈಯನ್ನು ಹೇಗೆ ತೂರಿಸಬೇಕು, ಇದೆಲ್ಲ ಅವನಿಗೆ ಅಲ್ಲಿಯೇ ಬಂದದ್ದು. ಉಳಿದದ್ದನ್ನು ವಾರದ ರಜೆಯ ದಿನ ಹುಬ್ಬಳ್ಳಿಯ ಒಂದು ಡಾನ್ಸ್ ಸ್ಟುಡಿಯೋಕ್ಕೆ ಹೋಗಿ ಕಲಿತ. ಅಲ್ಲಿ ಕಾಲೇಜು ಹುಡುಗರ ನಡುವೆ ಮೀಸೆ ಇದ್ದ ವಿದ್ಯಾರ್ಥಿ ಇವನೊಬ್ಬನೇ. ಮನೆಯಲ್ಲಿ ಮಾತ್ರ "ಟ್ರೇನಿಂಗ್ ಐತಿ" ಎಂದು ಹೇಳಿ ಹೋಗುತ್ತಿದ್ದ. ಪ್ರತಿ ವಾರ ಟ್ರೇನಿಂಗ್! ನಮ್ಮ ಅಜ್ಜಿ, ಅಂದರೆ ಮಾಮಾನ ತಾಯಿ, ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಚೀಟಿ ಹರಿಯೂದು ಎಷ್ಟ ವರ್ಷ ಕಲಸ್ತಾರೋ ನಿಮ್ಮ ಸರಕಾರದವರು? ಎಲ್ಲಾರೂ ಹಿಂಗ ದಡ್ಡರ ಅದಾರೋ, ನೀ ಒಬ್ಬಾಂವನೋ?"

ಕೊನೆಗೆ ಮಾಮಾ ಸ್ವಯಂ ನಿವೃತ್ತಿ ತೆಗೆದುಕೊಂಡು ಬೈಲಹೊಂಗಲದ ಬಜಾರಿನಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲೆ, ಡಾನ್ಸ್ ಕ್ಲಾಸಿನ ಬೋರ್ಡು ಹಾಕಿದ. ಕೆಳಗಿನಿಂದ ಯೂರಿಯಾದ ವಾಸನೆ, ಮೇಲಿನಿಂದ ಕಾಲಿನ ಸಪ್ಪಳ. ಅಂಗಡಿಯವರಿಗೆ ಮೊದಮೊದಲು ಚೀಲದ ಅಟ್ಟಿ ಉರುಳಿತೇನೋ ಎಂದು ಗಾಬರಿಯಾಗುತ್ತಿತ್ತು. ಈಗ ಸಪ್ಪಳ ನಿಂತರೇ ಮೇಲೆ ಬಂದು "ಯಾಕ್ರೀ, ಆರಾಮ ಅದೀರಿಲ್ಲೋ?" ಎಂದು ವಿಚಾರಿಸುತ್ತಾರೆ.

ಕ್ಲಾಸಿನಲ್ಲಿ ಒನ್, ಟೂ, ಥ್ರೀ ಎಂಬ ಮಾತೇ ಇಲ್ಲ. ಶುರು ಮಾಡಲು "ರೈಟ್", ನಿಲ್ಲಲು "ಹೋಲ್ಡಾನ್". ಹಿಂದಿನ ಸಾಲಿನಲ್ಲಿ ಅಡಗಿಕೊಳ್ಳುವ ಮಕ್ಕಳಿಗೆ "ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ". ನಾನೂ ಒಂದು ಬೇಸಿಗೆ ರಜೆಯಲ್ಲಿ ಕಲಿಯಲು ಹೋಗಿದ್ದೆ. ಶಾಲೆಯ ಟೀಚರಮ್ಮ ಎಂಬ ಮರ್ಯಾದೆಯನ್ನೂ ನೋಡದೆ, ಎಲ್ಲರೆದುರು, "ಯವ್ವಾ, ನೀ ಇಳಿಯಾಕ ತಯಾರಾಗಿ ನಿಂತಂಗ ನಿಂತೀ. ನಿನ್ನ ಸ್ಟಾಪ್ ಇನ್ನೂ ದೂರ ಐತಿ" ಎಂದ. ನಾನು ಅದೇ ದಿನ ಇಳಿದೆ.

ಇನ್ನು ಪರೀಕ್ಷೆಯ ಕಥೆ ಕೇಳಿ. ಮೂರು ತಿಂಗಳಾದ ಮೇಲೆ ಶಿಷ್ಯರನ್ನೆಲ್ಲ ಸವದತ್ತಿ ಬಸ್ಸು ಹತ್ತಿಸುತ್ತಾನೆ. ಸೀಟು ಖಾಲಿ ಇದ್ದರೂ ಕೂಡುವಂತಿಲ್ಲ, ಕಂಬಿ ಮುಟ್ಟುವಂತಿಲ್ಲ. ಸವದತ್ತಿ ಬರುವವರೆಗೆ ನಿಂತವರು ಪಾಸ್. ಆ ಬ್ಯಾಂಕಿನವರ ಮಗಳು ಒಂದು ತಿರುವಿನಲ್ಲಿ ಜೋಲಿ ತಪ್ಪಿ, ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕರೊಬ್ಬರ ತೊಡೆಯ ಮೇಲೆ ಬಿದ್ದಳು.

"ಯಾಕ ತಂಗೀ, ಅಲ್ಲೆ ಸೀಟ ಖಾಲಿ ಐತೆಲ್ಲಾ?"

"ಡಾನ್ಸ್ ಕಲಿಯಾಕತ್ತೇನಿ ಅಜ್ಜಾ."

ಮುದುಕರು ಚೆಲ್ಲಿದ ಬದನೆಕಾಯಿ ಆರಿಸಿ ಬುಟ್ಟಿಗೆ ಹಾಕಿಕೊಂಡರು. "ಹಂಗಾರ ನಾ ಹುಟ್ಟಿದಾಗಿಂದ ಕಲಿಯಾಕತ್ತೇನಿ. ಇವತ್ತೊಂದಿನಾ ಸೀಟ ಸಿಕ್ಕಿತ್ತು ನೋಡವಾ."

ನಗಬೇಡಿ, ಈ ಹುಚ್ಚಿನಿಂದ ತಯಾರಾದ ಮಕ್ಕಳು ಕಿತ್ತೂರಿನ ಸ್ಪರ್ಧೆಗಳಲ್ಲಿ ಪ್ರೈಜು ತಂದಿದ್ದಾರೆ. ಅದಕ್ಕಿಂತ ನನಗೆ ಹೆಚ್ಚು ಅನಿಸುವುದು ಬೇರೆಯೇ. ದಪ್ಪ ಇದ್ದಾನೆಂದು ಶಾಲೆಯ ವಾರ್ಷಿಕ ಗ್ಯಾದರಿಂಗಿನ ಡಾನ್ಸಿನಿಂದ ಕೈಬಿಟ್ಟ ಖಾನಾವಳಿಯವರ ಹುಡುಗ, ನಾಚಿಕೆಯಿಂದ ನೆಲ ಬಿಟ್ಟು ಮೇಲೆ ನೋಡದ ಹುಡುಗಿ, ಎಲ್ಲರಿಗೂ ಮಾಮಾನಲ್ಲಿ ಜಾಗವಿದೆ. "ಗಾಡಿ ತುಂಬೈತಿ ಅಂತ ಮಂದೀನ ರಸ್ತಾದಾಗ ಬಿಟ್ಟ ಹೋದ ಕಂಡಕ್ಟರ ಅಲ್ಲ ನಾ" ಎನ್ನುತ್ತಾನೆ. ಇಷ್ಟು ವರ್ಷ ಪಾಠ ಹೇಳಿದ ನನಗೂ ಆ ಬುದ್ಧಿ ಪೂರ್ತಿ ಬಂದಿಲ್ಲ.

ಆದರೆ ಅಜ್ಜಿಗೆ ಇದಾವುದೂ ಬೇಕಿರಲಿಲ್ಲ. ಬೋರ್ಡು ಹಾಕಿದ ಸುದ್ದಿ ಸಂಪಗಾಂವ ಮುಟ್ಟಿದ ದಿನ ಅವಳು ಊಟ ಮಾಡಲಿಲ್ಲ. "ನಮ್ಮ ಮನಿತನದಾಗ ಮಂದೀನ ಕುಣಿಸ್ಯಾರ, ಯಾರೂ ಕುಣದಿಲ್ಲ" ಎಂದಳಂತೆ. ಕ್ಲಾಸಿನ ಮೆಟ್ಟಿಲು ಹತ್ತಲಿಲ್ಲ, ಮಗ ಕುಣಿಯುವುದನ್ನು ಒಮ್ಮೆಯೂ ನೋಡಲಿಲ್ಲ. ಯಾರಾದರೂ "ನಿಮ್ಮ ಮಗಾ ಈಗ ಏನ್ ಮಾಡತಾನ್ರೀ?" ಎಂದು ಕೇಳಿದರೆ, "ಬೈಲಹೊಂಗಲದಾಗ ಗೊಬ್ಬರದ ಅಂಗಡ್ಯಾಗ ಅದಾನ" ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು.

ಈ ಸುಳ್ಳಿನ ಫಲ ಏನಾಯಿತು ಗೊತ್ತೇ? ಬಿತ್ತನೆಯ ಹಂಗಾಮು ಬಂತು, ಸಂಪಗಾಂವದ ರೈತರು ಸೀದಾ ಮಾಮಾನನ್ನು ಹುಡುಕಿಕೊಂಡು ಬಂದರು. ಒಳಗೆ ಮಕ್ಕಳು ಒಂದು ಕಾಲ ಮೇಲೆ ನಿಂತಿವೆ. ಬಾಗಿಲಲ್ಲಿ ಟಾವೆಲ್ ಹೆಗಲಿಗೆ ಹಾಕಿಕೊಂಡ ಗೌಡರು ನಿಂತಿದ್ದಾರೆ.

"ಯೂರಿಯಾ ಐತೇನ್ರೀ?"

ಮಾಮಾ "ಹೋಲ್ಡಾನ್" ಎಂದವನೇ ಕೆಳಗೆ ಓಡಿ ಚೀಲ ಕೊಡಿಸಿ, ಅವರ ಗಾಡಿಗೆ ತಾನೇ ಹೇರಿ ಬಂದ. ಮಕ್ಕಳು ಅಲ್ಲಿಯವರೆಗೆ ಒಂದೇ ಕಾಲ ಮೇಲೆ! ಇದು ಒಂದು ಸಲದ ಮಾತಲ್ಲ, ಪ್ರತಿ ಹಂಗಾಮಿನಲ್ಲೂ ಹೀಗೆಯೇ. ನಾನು ರೇಗಿದೆ.

"ಮಾಮಾ, ನೀ ಡಾನ್ಸ್ ಮಾಸ್ತರ ಅದೀ ಅಂತ ಅವರಿಗೆ ಹೇಳಬಾರದೇನು?"

"ಹೇಳಿದ್ರ ನಮ್ಮವ್ವ ಸುಳ್ಳ ಹೇಳಿದಂಗ ಆಗತೈತೆಲ್ಲ, ಹುಚ್ಚಿ" ಎಂದು ಬೆವರು ಒರೆಸಿಕೊಂಡ.

ಪ್ರತಿ ವರ್ಷ ತನ್ನ ಕ್ಲಾಸಿನ ಗ್ಯಾದರಿಂಗಿಗೆ ಮೊದಲು ಸಂಪಗಾಂವಕ್ಕೆ ಹೋಗಿ ಅವ್ವನನ್ನು ಕರೆಯುತ್ತಿದ್ದ. ಒಂದು ವರ್ಷ ಎಮ್ಮೆ ಈಯುವುದಿತ್ತು, ಇನ್ನೊಂದು ವರ್ಷ ಮೊಣಕಾಲು ನೋವು, ಮತ್ತೊಂದು ವರ್ಷ ಕಾರಣವನ್ನೂ ಹೇಳಲಿಲ್ಲ. ಮಾಮಾ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ತಪ್ಪದೆ ಖಾಲಿ ಬಿಡುತ್ತಿದ್ದ. ಶಾಸಕರ ಕಡೆಯವರು ಬಂದರೂ ಕೂಡಗೊಡುತ್ತಿರಲಿಲ್ಲ. "ಒಮ್ಮೆ ನೋಡಿ ಬೈದರೂ ಅಡ್ಡಿ ಇಲ್ಲ. ನೋಡದನ ಬೈತಾಳಲ್ಲಾ" ಎಂದು ಒಮ್ಮೆ ನನ್ನೆದುರು ಅಂದ. ನಗುನಗುತ್ತಲೇ ಅಂದ, ಆದರೆ ಆ ದಿನ ಚಹಾ ಕುಡಿಯುವುದನ್ನು ಮರೆತ.

ಹೋದ ಮಳೆಗಾಲದಲ್ಲಿ ಅಜ್ಜಿ ಹಿತ್ತಲಿನಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಇನ್ನು ನಡೆಯಬೇಕು, ನಡೆಯದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಅಜ್ಜಿಗೆ ಬೀಳುವ ಹೆದರಿಕೆ. ಹಿಡಿದುಕೊಂಡು ನಡೆಯಲೆಂದು ತಂದ ವಾಕರಿನ ಮೇಲೆ ಒದ್ದೆ ಸೀರೆ ಒಣಹಾಕಿಸಿದಳು. ಬಂದವರೆಲ್ಲ ಧೈರ್ಯ ಹೇಳಿ ಸೋತರು. ನಾನಂತೂ ಪಾಠದ ಹಾಗೆ ಹೇಳಿ ಬೈಸಿಕೊಂಡೆ.

ಮಾಮಾ ದಿನಾಲೂ ಬೆಳಗಿನ ಬಸ್ಸಿಗೆ ಸಂಪಗಾಂವಕ್ಕೆ ಹೋಗತೊಡಗಿದ.

"ನಾ ಕುಣಿಯಾಕ ಬರಂಗಿಲ್ಲ, ಈಗ ಹೇಳತೇನಿ" ಎಂದಳು ಅಜ್ಜಿ.

"ಕುಣಿಯಾಕ ಯಾರ ಕರೆಯಾಕತ್ತಾರ ಬೇ? ನಿಂತರ ಸಾಕು. ಬೀಳೂದು ಮೈಗೆ ಮೊದಲ ತಿಳಿತೈತಿ. ನೀ ಹೆದರಿ ಬಿಗದ ಹಿಡಿಬ್ಯಾಡ, ಮೊಣಕಾಲ ಸಡಲ ಬಿಡು."

ಅವಳ ಎರಡೂ ಅಂಗೈ ತನ್ನ ಅಂಗೈ ಮೇಲೆ ಇಟ್ಟುಕೊಂಡು, ತಾನು ಹಿಂದೆ ಹಿಂದೆ ಸರಿಯುತ್ತ, ಅವಳನ್ನು ಮುಂದೆ ಕರೆಯುತ್ತಿದ್ದ. ಅವಳು ಬೈಯುತ್ತಲೇ ಒಂದು ಹೆಜ್ಜೆ ಇಡುತ್ತಿದ್ದಳು. ಅವಳ ನೋವಿನ ಕಾಲಿನ ಮೇಲೆ ಭಾರ ಬೀಳುವ ಮೊದಲೇ ಅವನ ಕೈ ಸ್ವಲ್ಪ ಮೇಲೇಳುತ್ತಿತ್ತು. ಊರೆಲ್ಲ ಹುಚ್ಚ ಎಂದುಕೊಂಡ ಮನುಷ್ಯ ಎಂಥ ಮಾಸ್ತರ ಎಂಬುದನ್ನು ನಾನು ಅಲ್ಲಿ, ಬಾಗಿಲ ಬದಿಗೆ ನಿಂತು, ಕಣ್ಣಾರೆ ಕಂಡೆ. ದೀಪಾವಳಿಯ ಹೊತ್ತಿಗೆ ಎರಡು ಕೈ ಹೋಗಿ ಒಂದು ಕೈ ಆಯಿತು, ಆಮೇಲೆ ಒಂದು ಬೆರಳು.

ರಜೆಯ ಒಂದು ದಿನ ಮಧ್ಯಾಹ್ನ ನಾನೂ ಅಲ್ಲಿದ್ದೆ. ಅಜ್ಜಿ ಹೊರಸಿನಿಂದ ಎದ್ದು, ಯಾರನ್ನೂ ಹಿಡಿಯದೆ, ಪಡಸಾಲೆ ದಾಟಿ ಹೊಸ್ತಿಲವರೆಗೆ ಹೋಗಿ, ತಿರುಗಿ ಬಂದು ಕುಳಿತಳು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಮಾಮಾನನ್ನು ನೋಡಿದಳು.

"ಮಂದಿ ಮಕ್ಕಳಿಗೆ ಏನ ಕಲಸ್ತೀಯೋ, ಅದನ್ನ ಒಂದಿಷ್ಟ ಮಾಡಿ ತೋರಸ. ನೋಡತೇನಿ."

"ಈಗೇನ ಬೇ?"

"ಮತ್ತ ಯಾವಾಗ?"

"ಹಾಡ ಇಲ್ಲಲ್ಲಾ."

"ಹಾಡ ನನಗೆಲ್ಲಿ ತಿಳಿತೈತಿ. ನೀ ಕುಣಿ."

ಮೈದಾನ ತುಂಬ ಜನ ಇದ್ದರೂ ಒಮ್ಮೆಯೂ ಅಳುಕದ ಮಾಮಾನಿಗೆ ಆ ದಿನ ಕಾಲೇ ಏಳಲಿಲ್ಲ. ಲುಂಗಿ ಬಿಚ್ಚಿ ಮತ್ತೆ ಕಟ್ಟಿಕೊಂಡ, ನನ್ನ ಕಡೆ ನೋಡಿದ, ನೆಲ ನೋಡಿದ. ಆಮೇಲೆ ಜೋಳದ ಚೀಲಗಳ ಮತ್ತು ಹೊರಸಿನ ನಡುವೆ ಇದ್ದಷ್ಟೇ ಜಾಗದಲ್ಲಿ ಕುಣಿಯತೊಡಗಿದ. ಹಾಡಿಲ್ಲ, ತಾಳವಿಲ್ಲ, ಅವನ ಪಾದದ ಸಪ್ಪಳ ಮಾತ್ರ. ಅಷ್ಟು ಚೆಂದ ಅವನು ಕುಣಿದದ್ದನ್ನು ನಾನು ಯಾವ ಸ್ಟೇಜಿನ ಮೇಲೂ ಕಂಡಿಲ್ಲ. ನನಗೆ ಅಳು ಬಂತು. ಅಜ್ಜಿ ಮಾತ್ರ ಅಳಲಿಲ್ಲ, ನಗಲಿಲ್ಲ, ಒಮ್ಮೆಯೂ ಮುಖ ಬೇರೆ ಕಡೆ ತಿರುಗಿಸದೆ ನೋಡಿದಳು.

ಮುಗಿಯಿತು. ಮಾಮಾ ಏದುಸಿರು ಬಿಡುತ್ತ, ಕೈ ಕೆಳಗೆ ಬಿಟ್ಟು, ಅವ್ವ ಏನನ್ನುತ್ತಾಳೋ ಎಂದು ನಿಂತೇ ಇದ್ದ. ಅಜ್ಜಿ ನೋವಿನ ಸೊಂಟವನ್ನು ಮೆಲ್ಲಗೆ ಸರಿಸಿ ಹೊರಸಿನ ಮೇಲೆ ಜಾಗ ಮಾಡಿದಳು.

"ದಣದೀ ನೋಡ. ಬಾ, ಇಲ್ಲೆ ಕುಂಡ್ರು" ಎಂದಳು.