‘ಕೊಡು’ ಎಂಬ ಪದದ ಸುರಕ್ಷಿತ ಬಳಕೆ ಹಾಗೂ ಮಕ್ಕಳ ಕಣ್ಣು ಮುಚ್ಚುವ ಹೊಣೆ ಕುರಿತು

ಕನ್ನಡ ಕುಟುಂಬಗಳ ವಸತಿ ಸಮುಚ್ಚಯ, ತಾರ್ನಾಕ, ಹೈದರಾಬಾದ್
ದೂರದರ್ಶನ ಹಿಂಸಾ ನಿಯಂತ್ರಣ ಉಪಸಮಿತಿ
(ಕಚೇರಿ: ಲಿಫ್ಟ್ ಪಕ್ಕದ ಬೆಂಚು)

ಸಂಖ್ಯೆ: ದೂಹಿನಿ/ಕೊಡು/ಪರಿಷ್ಕೃತ
ದಿನಾಂಕ: ಕೋರಂ ಸಿಕ್ಕ ಭಾನುವಾರ

ಸುತ್ತೋಲೆ

ವಿಷಯ: ಟಿವಿಯಲ್ಲಿ ಬರುವ ಹೊಡೆದಾಟದಿಂದ ಮಕ್ಕಳನ್ನು ಕಾಪಾಡುವ ಹೊಣೆ ಯಾರದೆಂದು ನಿಗದಿಪಡಿಸುವ ಬಗ್ಗೆ.

ಉಲ್ಲೇಖ: 1) ಪಿಂಕಿಯ ಶಾಲೆಯ ತೆಲುಗು ಶಿಕ್ಷಕಿ ಶ್ರೀಲಕ್ಷ್ಮಿಯವರ ದೂರವಾಣಿ ಕರೆ.
2) ಇದೇ ಉಪಸಮಿತಿಯ ಹಿಂದಿನ ಸುತ್ತೋಲೆ (ಇದನ್ನು ಯಾರೂ ಓದಿಲ್ಲವೆಂದು ತಿಳಿದುಬಂದಿದೆ).

ಪ್ರಸ್ತಾವನೆ:

ಮೊದಲ ಮಹಡಿಯ ನಿವಾಸಿ ಶ್ರೀಮತಿ ಗುರುಬಾಯಿಯವರು ಮದುವೆಯಾಗಿ ಬಂದಂದಿನಿಂದ ಹೈದರಾಬಾದಿನಲ್ಲೇ ಇದ್ದಾರೆ. ಅವರ ಮಗ ಮಹೇಶಕುಮಾರ, ಸೊಸೆ ಮಾನಸಾ ಮತ್ತು ಎರಡನೇ ತರಗತಿಯ ಮೊಮ್ಮಗಳು ಪಿಂಕಿ ಕಳೆದ ವರ್ಷ ಬೀದರದಿಂದ ವರ್ಗವಾಗಿ ಬಂದು ಅವರೊಡನೆ ವಾಸವಾಗಿದ್ದಾರೆ. ಸಂಜೆ ಅಜ್ಜಿ ಮೊಮ್ಮಗಳು ಒಟ್ಟಿಗೆ ಕೂತು ಟಿವಿ ನೋಡುವುದು ಆ ಮನೆಯ ವಾಡಿಕೆ.

ಹೀಗಿರುವಲ್ಲಿ, ಮನೆಯವರ ಬಗ್ಗೆ ಹೇಳೆಂದು ತೆಲುಗು ತರಗತಿಯಲ್ಲಿ ಕೇಳಿದಾಗ ಪಿಂಕಿಯು ಎದ್ದು ನಿಂತು, “ಮಾ ಆಯಿ ರೋಜೂ ಕೊಡುತುಂದಿ. ಏಡಿಸ್ತೇ ರೆಂಡು ಕೊಡುತುಂದಿ” ಎಂದು ಹೇಳಿರುತ್ತಾಳೆ. ಕನ್ನಡದ ‘ಕೊಡು’ವಿಗೆ ತೆಲುಗಿನ ಬಾಲ ಹಚ್ಚಿದ ಆ ಕೂಸಿನ ಮನಸ್ಸಿನಲ್ಲಿದ್ದದ್ದು, ಅಜ್ಜಿ ದಿನಾ ಶೇಂಗಾ ಉಂಡಿ ಕೊಡುತ್ತಾಳೆ, ಅತ್ತರೆ ಎರಡು ಕೊಡುತ್ತಾಳೆ ಎಂಬುದಾಗಿತ್ತು. ಆದರೆ ತೆಲುಗಿನಲ್ಲಿ ಅದೇ ಮಾತಿಗೆ ಅಜ್ಜಿ ದಿನಾ ಹೊಡೆಯುತ್ತಾಳೆ, ಅತ್ತರೆ ಎರಡು ಬಿಗಿಯುತ್ತಾಳೆ ಎಂದು ಅರ್ಥವಾಗುತ್ತದೆ. ಮಗು ಇದನ್ನು ನಗುನಗುತ್ತಾ ಹೇಳಿದ್ದರಿಂದ ಶಿಕ್ಷಕಿಯವರು ಇನ್ನಷ್ಟು ಗಾಬರಿಯಾದರು.

ಉಂಡಿಯ ವಿಷಯ ಮರುದಿನವೇ ಬಗೆಹರಿಯಿತು. ಆದರೆ ವಿಚಾರಣೆಯ ಭರದಲ್ಲಿ, “ನೀನು ಮನೆಯಲ್ಲಿ ಟಿವಿ ನೋಡುತ್ತೀಯಾ?” ಎಂದು ಕೇಳಲಾಗಿ, ಪಿಂಕಿಯು ಕತ್ತಿ, ಲಾಂಗು, ಹಾರುವ ಜೀಪು ಇತ್ಯಾದಿಗಳನ್ನು ಉತ್ಸಾಹದಿಂದ ವಿವರಿಸಿದ್ದಾಳೆ. ಇದರಿಂದ ಬೆದರಿದ ತಂದೆ ತಾಯಿಗಳು ಟಿವಿಯನ್ನು ತಮ್ಮ ಕೋಣೆಗೆ ಸಾಗಿಸಿ, ಪಿಂಕಿಯನ್ನು ಸಂಜೆಯ ಟ್ಯೂಶನ್ನಿಗೆ ಹಾಕಿದ್ದು, ಗುರುಬಾಯಿಯವರು ಈಗ ಸಂಜೆ ಪಡಸಾಲೆಯಲ್ಲಿ ಒಬ್ಬರೇ ಗೋಡೆ ನೋಡುತ್ತಾ ಕೂರುತ್ತಿದ್ದಾರೆ. ಇದು ಉಪಸಮಿತಿಯ ಗಮನಕ್ಕೆ ಬಂದಿದೆ.

ಆದುದರಿಂದ ಎಲ್ಲ ನಿವಾಸಿಗಳಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಈ ಸುತ್ತೋಲೆಯಲ್ಲಿ ‘ಕೊಡು’ ಎಂಬ ಪದ ಎಲ್ಲಿ ಬಂದರೂ ಅದನ್ನು ಕನ್ನಡದ ಅರ್ಥದಲ್ಲೇ ತೆಗೆದುಕೊಳ್ಳತಕ್ಕದ್ದು. ತೆಲುಗಿನ ಅರ್ಥದಲ್ಲಿ ಜಾರಿಗೊಳಿಸಿದಲ್ಲಿ ಉಪಸಮಿತಿ ಜವಾಬ್ದಾರಿಯಲ್ಲ.

2. ಹೊಣೆ ಯಾರದೆಂದು ವಿಚಾರಿಸಲಾಯಿತು. ವಾಹಿನಿಯವರು ಎಚ್ಚರಿಕೆಯ ಪಟ್ಟಿ ಹಾಕಿದ್ದೇವೆ ಎಂದರು. ಕೇಬಲ್‌ನವರು ನಾವು ತಂತಿ ಮಾತ್ರ ಎಳೆಯುತ್ತೇವೆ ಎಂದರು. ತಾಯಿಯವರು ರಿಮೋಟ್ ತಂದೆಯವರ ಕೈಯಲ್ಲಿರುತ್ತದೆ ಎಂದರು. ತಂದೆಯವರು ರಿಮೋಟ್ ಕೈಯಲ್ಲಿದ್ದರೂ ಕಣ್ಣು ಫೋನಿನಲ್ಲಿರುತ್ತದೆ ಎಂದರು. ಹೀಗೆ ಹೊಣೆ ಜಾರುತ್ತಾ ಜಾರುತ್ತಾ ಬಂದು ಮಗುವಿನ ಹತ್ತಿರ ನಿಂತಿದ್ದು, ಅಗತ್ಯ ಬಿದ್ದಾಗ ಮಕ್ಕಳೇ ಕಣ್ಣು ಮುಚ್ಚಿಕೊಳ್ಳತಕ್ಕದ್ದೆಂದು ಉಲ್ಲೇಖ (2)ರಲ್ಲಿ ಆದೇಶಿಸಲಾಗಿತ್ತು. ಸದರಿ ಆದೇಶವನ್ನು ನಾಚಿಕೆಯೊಂದಿಗೆ ಹಿಂಪಡೆಯಲಾಗಿದೆ.

3. ನಾಯಕನು ಲಾಂಗು ಎತ್ತಿದ ಕೂಡಲೇ ಹತ್ತಿರದ ಹಿರಿಯರು ಎದ್ದು ಟಿವಿಗೆ ಅಡ್ಡ ನಿಲ್ಲತಕ್ಕದ್ದು. ಸಪೂರ ಮೈಕಟ್ಟಿನವರು ಇಬ್ಬಿಬ್ಬರಾಗಿ ನಿಲ್ಲತಕ್ಕದ್ದು.

4. ಅಡ್ಡ ನಿಂತವರು ಮಗುವಿನ ಕಡೆ ಮುಖ ಮಾಡಿ ನಿಲ್ಲಬೇಕೇ ಹೊರತು ಟಿವಿಯ ಕಡೆಗಲ್ಲ. ಈ ಅಂಶವನ್ನು ಪ್ರತ್ಯೇಕವಾಗಿ ಬರೆಯಬೇಕಾಗಿ ಬಂದದ್ದಕ್ಕೆ ವಿಷಾದಿಸಲಾಗಿದೆ.

5. ಗುಂಡಿನ ಸದ್ದು ಕೇಳದಂತೆ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸಬಹುದು. ಕ್ಲೈಮ್ಯಾಕ್ಸ್ ಉದ್ದವಾಗಿ ಚಟ್ನಿ ನೀರಾದಲ್ಲಿ ಅದನ್ನು ಮನೆಯ ಗಂಡಸರು ತಕರಾರಿಲ್ಲದೆ ತಿನ್ನತಕ್ಕದ್ದು.

6. ಸುದ್ದಿ ವಾಹಿನಿಗಳ ಚರ್ಚೆಯನ್ನೂ ಹೊಡೆದಾಟವೆಂದೇ ಪರಿಗಣಿಸಲಾಗಿದೆ.

7. ಸ್ಥಳ ಪರಿಶೀಲನೆ: ಮೇಲಿನ ನಿಯಮಗಳನ್ನು ಪರೀಕ್ಷಿಸಲು ಟಿವಿಯನ್ನು ಒಂದು ಸಂಜೆಯ ಮಟ್ಟಿಗೆ ಪಡಸಾಲೆಗೆ ತರಿಸಿ, ಟ್ಯೂಶನ್ನಿಗೆ ರಜೆ ಕೊಡಿಸಿ, ತೆಲುಗು ಚಿತ್ರವೊಂದನ್ನು ಹಚ್ಚಲಾಯಿತು. ಮಗುವಿನ ಕಣ್ಣು ಮುಚ್ಚುವ ಕರ್ತವ್ಯಕ್ಕೆ ನೇಮಕಗೊಂಡಿದ್ದ ಕಾರ್ಯದರ್ಶಿ ಹನುಮಂತರಾಯರು ಚಿತ್ರದಲ್ಲಿ ತಲ್ಲೀನರಾಗಿ, ಭಯದಿಂದ ತಮ್ಮ ಕಣ್ಣನ್ನೇ ಮುಚ್ಚಿಕೊಂಡರು. ಆಗ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಗುರುಬಾಯಿಯವರು ಮೊಮ್ಮಗಳಿಗೆ ಕಥೆ ಬಿಡಿಸಿ ಹೇಳತೊಡಗಿದ್ದು, ಅದನ್ನು ಇದ್ದಂತೆಯೇ ದಾಖಲಿಸಲಾಗಿದೆ:

“ಅಂವ ಚಂಪೇಸ್ತಾ ಅಂದಾ, ಅಂದ್ರ ತಲಿಗಿ ಎಣ್ಣಿ ಹಚ್ಚಿ ಚಂಪಿ ಮಾಡ್ತೀನಿ ಅಂತ. ನೋಡವಾ, ಹೆಂಗ ಓಡಾಕತ್ತಾನ! ಎಣ್ಣಿ ಅಂದ್ರ ನೀನೂ ಹಿಂಗ ಓಡ್ತಿ. ಹಾಂ, ಕೊಟ್ಟಾಡು ಅಂದ್ರು. ಏನೋ ಕೊಟ್ಟಾನ, ಇವಗ ಬ್ಯಾಡಾಗೇತಿ. ಈಗ ನೋಡು, ಎಲ್ಲಾರೂ ಮಲಗಿದ್ರು. ಎಣ್ಣಿ ಹಚ್ಚಿದ ಮ್ಯಾಲ ನಿದ್ದಿ ಭಾಳ ಬರತೈತಿ.”

ಇದಕ್ಕೆ ಪಿಂಕಿಯು, “ಆಯಿ, ಇಷ್ಟು ಮಂದಿಗಿ ಜಳಕದ ನೀರು ಯಾರು ಕಾಸ್ತಾರ?” ಎಂದು ಕಳವಳದಿಂದ ಕೇಳಿದ್ದಾಳೆ. ಕತ್ತಿ, ಲಾಂಗು, ಜೀಪುಗಳನ್ನೆಲ್ಲ ಕಂಡಿದ್ದ ಮಗುವಿಗೆ ಅಲ್ಲಿ ಯಾರಾದರೂ ಸತ್ತದ್ದು ಗೊತ್ತೇ ಇರಲಿಲ್ಲ.

8. ‘ಚಂಪೇಸ್ತಾ’ ಎಂದರೆ ಕೊಂದುಬಿಡುತ್ತೇನೆ ಎಂದೂ, ‘ಕೊಟ್ಟಾಡು’ ಎಂದರೆ ಹೊಡೆದ ಎಂದೂ ಬಲ್ಲ ಉಪಸಮಿತಿಯು, ಇಷ್ಟು ವರ್ಷ ಇಲ್ಲಿದ್ದೂ ಗುರುಬಾಯಿಯವರಿಗೆ ತೆಲುಗು ಬಾರದೆಂದು ಮರುಕಪಟ್ಟು, ಅವರನ್ನು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರ್ ಒಂದಕ್ಕೆ ಸೇರಿಸಲು ಶಿಫಾರಸು ಮಾಡಿತು.

9. ಶಿಫಾರಸನ್ನು ಕೈಯಲ್ಲಿ ಹಿಡಿದು ಹೊರಟ ಕಾರ್ಯದರ್ಶಿಯವರಿಗೆ ಗುರುಬಾಯಿಯವರು ಗೇಟಿನ ಹತ್ತಿರವೇ ಸಿಕ್ಕರು. ತರಕಾರಿ ಗಾಡಿಯವನಿಗೆ ಅವರು ಅಪ್ಪಟ ತೆಲುಗಿನಲ್ಲಿ, “ಏಂದಯ್ಯಾ, ಪುಚ್ಚು ವಂಕಾಯಲು ಇಸ್ತವಾ?” ಎಂದು ದಬಾಯಿಸುತ್ತಿದ್ದರು. ಹುಳುಕು ಬದನೆಕಾಯಿ ಕೊಡುತ್ತೀಯಾ ಎಂಬುದು ಇದರ ತಾತ್ಪರ್ಯ. ಕೊಡುವುದಕ್ಕೆ ತೆಲುಗಿನಲ್ಲಿ ಏನೆನ್ನಬೇಕೆಂದು ಅವರಿಗೆ ಸೊಗಸಾಗಿ ಗೊತ್ತಿತ್ತು. ವಿವರಣೆ ಕೇಳಲಾಗಿ ಅವರು ನೀಡಿದ ಹೇಳಿಕೆ:

“ಗೊತ್ತೈತ್ರಿ, ಎಲ್ಲಾ ಗೊತ್ತೈತಿ. ಹಂಗಂತ ಕೂಸಿಗಿ ಹೇಳಾಕ ಬರತೈತೇನ್ರಿ? ಮಹೇಶ ಹಚ್ಚಿಟ್ಟು ಫೋನ್ ನೋಡ್ಕೋತ ಕುಂದರತಾನ. ಅದನ್ನ ಬಂದ್ ಮಾಡಿದ್ರ ನಿಮ್ಮ ಮನಿ ಟಿವಿ ನಮ್ಮ ಪಡಸಾಲಿತನಾ ಕೇಳಸ್ತೈತಿ. ಕೂಸಿನ ಕಣ್ಣು ಮುಚ್ಚೂಣು ಅಂದ್ರ ಕೈಯಾಗ ಬತ್ತಿ ಇದ್ದೂರಿ. ಬಾಯಿ ಖಾಲಿ ಇತ್ತು.”

10. ಸದರಿ ಹೇಳಿಕೆಯ ನಂತರ ಕಾರ್ಯದರ್ಶಿಯವರು ಶಿಫಾರಸನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಇಡೀ ಸಮುಚ್ಚಯದಲ್ಲಿ ಈ ಹೊಣೆಯನ್ನು ಹೊತ್ತಿದ್ದವರು ಒಬ್ಬರೇ, ಅವರನ್ನೇ ನಾವು ಮಗುವಿನಿಂದ ದೂರ ಕೂರಿಸಿದೆವು ಎಂಬುದಕ್ಕೆ ಉಪಸಮಿತಿಗೆ ಬಹಳ ಬೇಸರವಾಗಿದೆ ಎಂದು ದಾಖಲಿಸಲಾಗಿದೆ.

ಆದೇಶ:

ಮೇಲ್ಕಂಡ ಕಾರಣಗಳಿಂದ, ಟಿವಿಯನ್ನು ಪಡಸಾಲೆಗೂ, ಪಿಂಕಿಯನ್ನು ಅಜ್ಜಿಯ ಪಕ್ಕಕ್ಕೂ ತಕ್ಷಣದಿಂದ ಜಾರಿಗೆ ಬರುವಂತೆ ಮರುನಿಯುಕ್ತಿಗೊಳಿಸಲಾಗಿದೆ. ಸಂಜೆಯ ಟ್ಯೂಶನ್ ರದ್ದಾಗಿದೆ. ರಿಮೋಟನ್ನು ಗುರುಬಾಯಿಯವರ ಬತ್ತಿಯ ಡಬ್ಬಿಯಲ್ಲಿ ಇಡತಕ್ಕದ್ದು. ಮಹೇಶಕುಮಾರರು ಫೋನನ್ನೂ ಅಲ್ಲೇ ಇಡತಕ್ಕದ್ದು. ಕಾರ್ಯದರ್ಶಿಯವರು ತಮ್ಮ ಟಿವಿಯ ಸದ್ದನ್ನು ತಮ್ಮ ಗೋಡೆಗಳೊಳಗೇ ಮುಗಿಸತಕ್ಕದ್ದು.

ಗುರುಬಾಯಿಯವರ ಅನುವಾದವನ್ನು ಯಾರೂ ತಿದ್ದತಕ್ಕದ್ದಲ್ಲ. ಪಿಂಕಿಗೆ ತೆಲುಗು ಚೆನ್ನಾಗಿ ಬರುವವರೆಗೆ ಇದು ಚಾಲ್ತಿಯಲ್ಲಿರುತ್ತದೆ. ಆ ದಿನ ಸ್ವಲ್ಪ ತಡವಾಗಿ ಬರಲೆಂದು ಉಪಸಮಿತಿ ಆಶಿಸುತ್ತದೆ.

ಸಹಿ/-
(ಹನುಮಂತರಾಯ)
ಕಾರ್ಯದರ್ಶಿ, ನಿವೃತ್ತ ಆಡಳಿತಾಧಿಕಾರಿ
(ನಿವೃತ್ತಿಯ ವಿಷಯ ಇನ್ನೂ ಅವರ ಗಮನಕ್ಕೆ ಬಂದಿಲ್ಲ: ಶ್ರೀಮತಿ ಸಾವಿತ್ರಿ ಹನುಮಂತರಾಯ, ಬೆರಳಚ್ಚು)

ಪ್ರತಿಗಳು:
1. ಶಿಕ್ಷಕಿ ಶ್ರೀಲಕ್ಷ್ಮಿಯವರಿಗೆ, ಎರಡು ಶೇಂಗಾ ಉಂಡಿಗಳೊಂದಿಗೆ. ಅಳಬೇಕಾಗಿಲ್ಲ.
2. ಮಹೇಶಕುಮಾರ ಮತ್ತು ಮಾನಸಾ ಅವರಿಗೆ, ಒಬ್ಬರು ಇನ್ನೊಬ್ಬರಿಗೆ ದಾಟಿಸದಂತೆ ಪ್ರತ್ಯೇಕವಾಗಿ.
3. ತರಕಾರಿ ಗಾಡಿಯವರಿಗೆ, ಬದನೆಕಾಯಿಯ ಬಗ್ಗೆ ಅಗತ್ಯ ಕ್ರಮಕ್ಕಾಗಿ.
4. ಶ್ರೀಮತಿ ಗುರುಬಾಯಿಯವರಿಗೆ, ಯಾವ ಭಾಷೆಗೆ ಬೇಕಾದರೂ, ಹೇಗೆ ಬೇಕಾದರೂ ಅನುವಾದಿಸಿಕೊಳ್ಳುವ ಅಧಿಕಾರದೊಂದಿಗೆ.
5. ಕುಮಾರಿ ಪಿಂಕಿಗೆ: ದೊಡ್ಡವಳಾದ ಮೇಲೆ, ತನ್ನ ಆಯಿ ಏನು ಮಾಡಿದ್ದಳೆಂದು ತಿಳಿಯುವ ಸಲುವಾಗಿ, ಕೊಡತಕ್ಕದ್ದು. (ಕನ್ನಡದ ಅರ್ಥದಲ್ಲಿ.)