ಪಾಸಾಗಿ ಕೆಟ್ಟ ಕಿವಿಗಳ ಅಹವಾಲು

ಚಿಕ್ಕಬಳ್ಳಾಪುರದ ಕಲ್ಯಾಣಮಂಟಪದಲ್ಲಿ ಉಚಿತ ಶ್ರವಣ ಶಿಬಿರ ನಡೆಸಿಕೊಟ್ಟ ಕಿವಿ ಪರೀಕ್ಷೆಯ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ವಯರು, ಹೆಡ್‌ಫೋನು, ಕೆಂಪು ದೀಪ ಸಕಲವೂ ಕ್ಷೇಮವೆಂದು ನಂಬಿ, ಶಿಡ್ಲಘಟ್ಟದ ರೇಷ್ಮೆ ನೂಲಿನ ಘಟಕದಲ್ಲಿ ಗೂಡು ಆರಿಸುವ ದಿಲ್ಷಾದ್ ಬೇಗಂ ಮಾಡುವ ಸಲಾಮು.

ಕೊಡುತ್ತೇವೆಂದದ್ದು: ಎರಡು ಕಿವಿಗೆ ಎರಡು ಶ್ರವಣ ಸಾಧನ, ಒಂದು ಗುರುತಿನ ಚೀಟಿ, ಆರು ತಿಂಗಳಿಗೊಮ್ಮೆ ತಪಾಸಣೆ. ಕೊಡದೆ ಕಳಿಸಿದ್ದು: ಅವೆಲ್ಲವೂ. ಕೊಟ್ಟದ್ದು: 'ಕಿವಿ ಸರಿಯಿದೆ' ಎಂಬ ಕಾಗದ, ಜೊತೆಗೊಂದು ಬಾಳೆಹಣ್ಣು.

ನನ್ನ ಕಸುಬು ಏನೆಂದು ತಾವು ವಿಚಾರಿಸಲಿಲ್ಲ, ನಾನೇ ಹೇಳುತ್ತೇನೆ. ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ಒಳಗೆ ಹುಳು ಟಿಕ್ ಟಿಕ್ ಎಂದು ಬಡಿದರೆ ಗೂಡು ಒಳ್ಳೆಯದು, ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಕರಗಿ ಅಂಟಿದೆ, ಪಕ್ಕಕ್ಕೆಸೆಯಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದೆ. ಆಮೇಲೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂತು. ಬಾಟಲಿಯಲ್ಲಿ ಇಳಿಸಿದ ಮದ್ದು ಪ್ರಾಣ ಉಳಿಸಿತು, ಅದಕ್ಕೆ ಋಣಿ. ಆದರೆ ಹೋಗುವಾಗ ಸಣ್ಣ ಸದ್ದುಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿ, ಕಿವಿಯೊಳಗೊಂದು ಸೀಟಿಯನ್ನು ಕೂರಿಸಿತು. "ಸ್ವಲ್ಪ ದಿನ ಗುಂಯ್ ಅನ್ನತ್ತೆ ಕಣಮ್ಮ, ಹೋಗ್ಬಿಡತ್ತೆ" ಎಂದರು ಡಾಕ್ಟರು. ಎರಡು ವರ್ಷವಾಯಿತು, ಹೋಗಿಲ್ಲ.

ಲಾರಿ, ಮೈಕು, ಮೇಸ್ತ್ರಿಯ ಬೈಗುಳ ಪೂರಾ ಕೇಳುತ್ತದೆ. ಗೂಡು ಕೇಳುವುದಿಲ್ಲ. ನನ್ನ ಕಿವಿಗೀಗ ಲೋಕದ ಗೂಡೆಲ್ಲ ಸತ್ತದ್ದೇ ಆಗಿ, ಒಳ್ಳೆಯವನ್ನೂ ಎಸೆದೆ. ಪಕ್ಕದಲ್ಲಿ ಕೂರುವ ಮುನಿಗಂಗಮ್ಮ "ಏನಕ್ಕ, ಗೂಡೊಳಗೆ ಯಾರೂ ಫೋನ್ ಎತ್ತುತಿಲ್ವಾ" ಎಂದು ನಕ್ಕಳು. ಮೇಸ್ತ್ರಿ ನಗಲಿಲ್ಲ. ಈ ತಿಂಗಳೊಳಗೆ ಸಾಧನ ಹಾಕಿಕೊಂಡು ಬಾ, ಇಲ್ಲವೇ ಕೆಲಸ ಬಿಡು ಎಂದ.

ಹಾಗೆ ತಮ್ಮ ಪಾದಕ್ಕೆ ಬಂದೆ. ಹೆಡ್‌ಫೋನಿನಲ್ಲಿ 'ಕೀ' ಎಂದಾಗ ಗುಂಡಿ ಒತ್ತಿ ಎಂದರು ತಮ್ಮ ಪಕ್ಕ ಕುಳಿತಿದ್ದ ಸಾಹೇಬರು. ನನ್ನ ತಲೆಯಲ್ಲಿ ಹಗಲಿರುಳೂ ಕೀ. ಒತ್ತಿದೆ. ಮುಚ್ಚಿಡುವುದೇನು, ಶಿಡ್ಲಘಟ್ಟದಲ್ಲೇ ಕಿವಿಗೆ ಹೆಸರಾದವಳು ಒಂದು ಡಬ್ಬಿಯ ಮುಂದೆ ಫೇಲಾಗುವುದೇ ಎಂಬ ಜಂಬವೂ ಇತ್ತು. ಅನುಮಾನ ಬಂದಲ್ಲೆಲ್ಲ ಒತ್ತಿದೆ. ಕ್ಯಾನ್ಸರ್ ಮದ್ದು ಕೂರಿಸಿದ ಸೀಟಿಯನ್ನು ತಮ್ಮದೇ ಸದ್ದೆಂದು ಒಪ್ಪಿ ಪೂರ್ತಿ ಅಂಕ ಕೊಟ್ಟ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ತಮ್ಮನ್ನು ನಡೆಸುವ ಆ ಸುನೀಲ್‌ಕುಮಾರ್ ಸಾಹೇಬರೊಂದಿಗೆ ವಾದಿಸಿದರೆ, "ಕೇಳ್ಸದೇ ಇದ್ರೆ ನನ್ ಜೊತೆ ಜಗಳ ಹೆಂಗಾಡ್ತೀರಮ್ಮ" ಎಂದರು.

ತಪ್ಪಾಗಿ ಒತ್ತಿದ್ದು ನಾನು, ಒಪ್ಪಿದೆ. ಕ್ಯಾನ್ಸರ್ ಮದ್ದು ಇಳಿಸಿಕೊಂಡಿದ್ದೀರಾ, ಕಿವಿಯಲ್ಲಿ ಸದ್ದಿದೆಯಾ ಎಂದು ಕೇಳಲು ತಮ್ಮ ಫಾರಮ್ಮಿನಲ್ಲಿ ಒಂದು ಗೆರೆ ಜಾಗ ಬಿಡದವರು ಯಾರು? ಅಪ್ಪನ ಹೆಸರಿಗೆ ಜಾಗವಿತ್ತು, ಜಾತಿಗೆ ಎರಡು ಗೆರೆಯಿತ್ತು.

ಆದ್ದರಿಂದ ತಾವೇ ಘಟಕಕ್ಕೆ ದಯಮಾಡಿಸಿ ನನ್ನ ಪಾಲಿನ ಗೂಡುಗಳನ್ನು ಅಲ್ಲಾಡಿಸಿ ಕೊಡಬೇಕು. ಆಗದಿದ್ದರೆ ನನ್ನ ಸೀಟಿಯನ್ನು ಒಂದು ವಾರ ತಮ್ಮ ಹೆಡ್‌ಫೋನಿನಲ್ಲಿ ತುಂಬಿಕೊಂಡು ಹೋಗಬೇಕು. ಅದೂ ಆಗದಿದ್ದರೆ ಮರುಪರೀಕ್ಷೆ ಮಾಡಿ, ಫೇಲು ಮಾಡಬೇಕು.

ತಮ್ಮ ವಿಶ್ವಾಸಿ,
ದಿಲ್ಷಾದ್ ಬೇಗಂ

ಮರೆತ ಮಾತು: ಇದೇ ಮದ್ದಿನಿಂದ ಕಿವಿ ಮಂಕಾದವರು ಚಿಂತಾಮಣಿಯಲ್ಲಿ ಐವರು, ಮಂಚೇನಹಳ್ಳಿಯಲ್ಲಿ ಇಬ್ಬರು ಸಿಕ್ಕಿದ್ದಾರೆ. ತಮ್ಮ ಸಂಘಟಕರ ಕಚೇರಿ ಮುಂದೆ ಕೂತು ಘೋಷಣೆ ಕೂಗುತ್ತೇವೆ. ಎಷ್ಟು ಜೋರಾಗಿ ಕೂಗುತ್ತಿದ್ದೇವೆಂದು ನಮಗೆ ತಿಳಿಯದು, ಸಾಹೇಬರು ತಮ್ಮ ಕಿವಿಗೆ ಹತ್ತಿ ತರಲಿ. ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.