ರಾಕ್ಷಸನ ಗುಂಡಿಯನ್ನು ನನ್ನ ಕೈಗೇಕೆ ಕೊಟ್ಟಿರಿ?

‘ಹಸಿರೂರು’ ಎಂಬ ಮೊಬೈಲ್ ಆಟದಲ್ಲಿ ಹೊಲ, ಕೆರೆ, ಜನ, ಜೊತೆಗೆ ಒಬ್ಬ ರಾಕ್ಷಸನನ್ನೂ ಸೃಷ್ಟಿಸಿರುವ ಮಾನ್ಯರೇ,

ದಾವಣಗೆರೆಯ ನಿಟ್ಟುವಳ್ಳಿಯಿಂದ ನಿವೃತ್ತ ಶಿಕ್ಷಕಿ ದ್ರಾಕ್ಷಾಯಣಮ್ಮನ ಶರಣು ಶರಣಾರ್ಥಿಗಳು. ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ರಾಕ್ಷಸನಂತೂ ಕ್ಷೇಮ. ಅದನ್ನು ಕಣ್ಣಾರೆ ಕಂಡಿದ್ದೇನೆ.

ಸಂಕ್ರಾಂತಿಯ ಮರುದಿನ ಮೆಟ್ಟಿಲಿನಿಂದ ಜಾರಿ ಮೊಣಕಾಲು ಮುರಿದುಕೊಂಡು ಮಲಗಿದ್ದ ನನಗೆ, ಬೇಸರ ಕಳೆಯಲೆಂದು ಮಗಳು ವಾಣಿ ತಮ್ಮ ಆಟ ಹಾಕಿಕೊಟ್ಟಳು. ಮೂವತ್ತು ವರ್ಷ ಮಕ್ಕಳನ್ನು ಸಂಭಾಳಿಸಿದವಳಿಗೆ ನಲವತ್ತು ಜನರ ಊರು ನಡೆಸುವುದು ಕಷ್ಟವಾಗಲಿಲ್ಲ. ಅಲ್ಲಿ ಕೊಡ ಹೊತ್ತು ಕೆರೆಗೆ ಹೋಗುವ ಹೆಂಗಸಿಗೆ, ಹೋದ ವರ್ಷ ತೀರಿಕೊಂಡ ನನ್ನ ಅಕ್ಕ ಗೌರಕ್ಕನ ಹೆಸರಿಟ್ಟೆ. ಎಂಟನೆಯ ದಿನ ರಾಕ್ಷಸ ಗುಡ್ಡ ಇಳಿದು ಬಂದು ಅವಳನ್ನೇ ಎತ್ತಿಕೊಂಡು ಹೋದ. ನಲವತ್ತು ಜನರಲ್ಲಿ ಸರಿಯಾಗಿ ಅವಳನ್ನೇ ಹುಡುಕಿ ತೆಗೆದ ಅವನ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು.

ತಮಗೆ ಮೂರು ಬಾರಿ ಬರೆದೆ. ರಾಕ್ಷಸನಿಲ್ಲದೆ ಆಟಕ್ಕೆ ರುಚಿಯಿಲ್ಲವೆಂದೂ, ಬೇಡವಾದವರು ಅವನನ್ನು ಮಲಗಿಸಲು ಒಂದು ಗುಂಡಿ ಇದೆಯೆಂದೂ ಉತ್ತರಿಸಿದಿರಿ. ಗೌರಕ್ಕ ಹೋದ ಮೇಲೆ ಇದನ್ನು ತಿಳಿಸಿದ ತಮ್ಮ ಸಮಯಪ್ರಜ್ಞೆಗೆ ನಾನು ಋಣಿ. ಗುಂಡಿ ಒತ್ತಿದೆ, ರಾಕ್ಷಸ ಮಲಗಿದ.

ಇಪ್ಪತ್ತು ದಿನ ಊರಿನಲ್ಲಿ ಯಾರೂ ಸಾಯಲಿಲ್ಲ. ಯಾರೂ ಯಾರನ್ನೂ ಮಾತಾಡಿಸಲೂ ಇಲ್ಲ. ಪಕ್ಕದ ಮನೆಯ ಇಮಾಂಬೀ ದಿನಾ ಮಧ್ಯಾಹ್ನ ತನ್ನ ಹೊಲಿಗೆ ಹಿಡಿದುಕೊಂಡು ನನ್ನ ಮಂಚದ ಬಳಿ ಬಂದು ಕೂರುತ್ತಾಳೆ. ಒಂದು ದಿನ ಮೊಬೈಲಿಗೆ ಇಣುಕಿ ಕೇಳಿದಳು:

“ಅಕ್ಕಾ, ಇವ್ರು ಯಾಕ ಒಬ್ರ ಮನೆಗೆ ಒಬ್ರು ಹೋಗಲ್ಲ? ಮೊದ್ಲು ಹಿಂಗಿರ್ಲಿಲ್ಲ ಬಿಡ್ರಿ.”

ನಿಜವೇ. ಮೊದಲು ರಾಕ್ಷಸ ಬಂದಾಗ ಪಕ್ಕದವರ ಮಕ್ಕಳನ್ನೂ ಒಳಗೆಳೆದುಕೊಂಡು ಬಾಗಿಲು ಹಾಕುತ್ತಿದ್ದರು, ಒಂದೇ ಒಲೆಯಲ್ಲಿ ಎಲ್ಲರಿಗೂ ಬೇಯಿಸುತ್ತಿದ್ದರು. ಈಗ ಗೋಡೆಗೆ ಮುಖ ಮಾಡಿ ನಿಂತಿದ್ದರು. ನೋಡಲಾರದೆ ನಾನೇ ಗುಂಡಿಯನ್ನು ಮತ್ತೆ ಒತ್ತಿ ರಾಕ್ಷಸನನ್ನು ಎಬ್ಬಿಸಿದೆ. ಎಂಟನೆಯ ದಿನ, ನಾನು ಸೂರಪ್ಪ ಎಂದು ಕರೆಯುತ್ತಿದ್ದ ಕುರಿಗಾಹಿ ಹೋದ. ಅವನ ನಾಲ್ಕು ಮಕ್ಕಳು ಮನೆಯೊಳಗಿಂದ ಬಂದು ಬಾಗಿಲಲ್ಲಿ ನಿಂತರು.

“ಇದು ಅವ್ರು ಮಾಡಿದ್ದಲ್ಲ ಅಕ್ಕಾ, ನೀವ ಮಾಡಿದ್ದು,” ಎಂದಳು ಇಮಾಂಬೀ, ಸೂಜಿಗೆ ದಾರ ಪೋಣಿಸುತ್ತ.

ಮಾನ್ಯರೇ, ಗೌರಕ್ಕನನ್ನು ನೀನು ಯಾಕೆ ಕರೆದುಕೊಂಡೆ ಎಂದು ನಾನು ಒಂದು ವರ್ಷದಿಂದ ಪೂಜೆಗೆ ಕೂತಾಗಲೆಲ್ಲ ಶಿವನೊಡನೆ ಜಗಳವಾಡುತ್ತಿದ್ದೆ. ಮರುದಿನ ಬೆಳಿಗ್ಗೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತರೆ ಕೇಳಲು ಬಾಯಿ ಬರಲಿಲ್ಲ. ಇಷ್ಟು ಜತನದಿಂದ ಸಾಕಿಕೊಂಡಿದ್ದ ಜಗಳವನ್ನು ತಾವು ಕಸಿದುಕೊಂಡಿರಿ. ಇದೇ ನನ್ನ ದೂರು.

ಆದಕಾರಣ, ಯಾರನ್ನೂ ಕೊಲ್ಲದೆ ಜನರನ್ನು ಒಂದುಗೂಡಿಸುವ ರಾಕ್ಷಸನೊಬ್ಬನನ್ನು ದಯಮಾಡಿ ತಯಾರಿಸಬೇಕು. ಹೇಗೆಂದು ತಿಳಿಯದಿದ್ದರೆ ನಮ್ಮ ಓಣಿಗೆ ಬನ್ನಿ. ನಲ್ಲಿ ನೀರು ಎರಡು ದಿನ ತಡವಾದರೆ ಸಾಕು, ಮಾತು ಬಿಟ್ಟವರೂ ಕೊಡ ಹಿಡಿದು ಒಂದೆಡೆ ಸೇರುತ್ತಾರೆ. ಅಲ್ಲಿಯವರೆಗೆ ಸೂರಪ್ಪನ ಮಕ್ಕಳನ್ನು ಎದುರು ಮನೆಗೆ ಸೇರಿಸಿ, ತಮ್ಮ ರಾಕ್ಷಸನನ್ನು ಮತ್ತೆ ಮಲಗಿಸಿದ್ದೇನೆ.

ಕಾಲು ನೆಟ್ಟಗಾದರೂ ಮನಸ್ಸು ನೆಟ್ಟಗಾಗದ,
ತಮ್ಮ ವಿಶ್ವಾಸಿ,
ದ್ರಾಕ್ಷಾಯಣಮ್ಮ

ವಿ.ಸೂ.: ತಮ್ಮ ಆಟಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರೆಂದು ದಿನವೂ ಕೇಳುತ್ತಿದ್ದೀರಿ. ಮೂರು ಕೊಟ್ಟಿದ್ದೇನೆ. ಉಳಿದೆರಡು ಯಾಕಿಲ್ಲವೆಂದು ಕೊರಗಬೇಡಿ; ಅದಕ್ಕೊಂದು ಒಳ್ಳೆಯ ಕಾರಣ ಇದ್ದೇ ಇರುತ್ತದೆ, ತಮಗೆ ತಿಳಿಯುವುದಿಲ್ಲ ಅಷ್ಟೆ.